ಅಮ್ಮನಿಗೆಂದು ತಂದದ್ದು

ಗಂಡನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. "ಮಂಗಳಾ, ನೀರು!" ಎಂದು ಕೆಳಗಿನ ಮನೆಯ ಪ್ರೇಮಲತಾ ಎಂದಿನ ಹಾಗೆ ಕೂಗಿಬಿಟ್ಟಳು. ಕೂಗಿದ ಮೇಲೆ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ಸರ್ವಮಂಗಳೆಗೆ ಅಡುಗೆಮನೆಯ ಕಿಟಕಿಯಿಂದ ಕಾಣಿಸಿತು. ಬಾಯಿ ಮುಚ್ಚಿಕೊಳ್ಳುವಂಥದ್ದೇನಿತ್ತು? ನೀರು ಬಂದದ್ದು ನಿಜ, ಮನೆಯಲ್ಲಿ ಒಂದು ಕೊಡ ನೀರಿಲ್ಲದ್ದೂ ನಿಜ. ಅವಳು ಕೊಡ ಹಿಡಿದು ಇಳಿದಾಗ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಬಿಂದಿಗೆಗಳನ್ನು ಪಕ್ಕಕ್ಕೆಳೆದುಕೊಂಡು ಜಾಗ ಬಿಟ್ಟರು. "ನೀ ಹಿಡಿ ತಾಯಿ, ನಾವು ಆಮೇಲೆ." ನೀಲಗಿರಿಯ ನಡುವಟ್ಟದ ಈ ಹಟ್ಟಿಗೆ ಸೊಸೆಯಾಗಿ ಬಂದಾಗಿನಿಂದ ಒಂದು ದಿನವೂ ಯಾರೂ ಅವಳಿಗೆ ಜಾಗ ಬಿಟ್ಟಿರಲಿಲ್ಲ, ಕೆಳನಾಡಿನ ಮಾವನಲ್ಲ ಎಂಬ ಊರಿನವಳು, ಎಂ.ಎಸ್ಸಿ. ಓದಿದವಳು, ಸಾಲಿನಲ್ಲಿ ನಿಲ್ಲುವುದನ್ನು ಕಲಿಯಲಿ ಎಂದೇ ಮೊಣಕೈಯಲ್ಲಿ ತಳ್ಳುತ್ತಿದ್ದರು. ಈಗ ಅವಳು ಏನನ್ನೋ ತುಳುಕಿಸುತ್ತ ನಡೆಯುತ್ತಿರುವವಳ ಹಾಗೆ, ತಮ್ಮ ಮೇಲೆ ಬಿದ್ದೀತೆಂಬ ಹಾಗೆ, ಹಿಂದೆ ಸರಿದಿದ್ದರು. ಯಾರಾದರೂ ಒಬ್ಬಳು ತಳ್ಳಬಾರದೇ ಎನಿಸಿತು. ತಣ್ಣೀರು ಬೆರಳುಗಳ ಮೇಲೆ ಹರಿದು ಬೆರಳು ಮರಗಟ್ಟಿದವು. ಮರಗಟ್ಟಿದ ಬೆರಳನ್ನು ಅವಳು ಬೇರೆ ಯಾರದೋ ಬೆರಳೆಂಬಂತೆ ನೋಡಿದಳು. ಹಿಂದಿನಿಂದ ಯಾರೋ ಪಿಸುಗುಟ್ಟಿದರು: "ಮಾತ್ರೆ ತಿಂದು ತಿಂದು ರಕ್ತ ನೀರಾಗಿ ಹೋಗಿತ್ತಂತೆ. ತಲೆಯೊಳಗೆ ಸೋರಿತಂತೆ, ಪಾಪ." ಕೊಡ ತುಂಬಿತು. ಅವಳು ಎತ್ತಿಕೊಂಡು ಹತ್ತಿದಳು.

ಒಳಗೆ ಅತ್ತೆ, ಅವಳು ಮಾಮಿ ಎಂದು ಕರೆಯುವವರು, ಪೂಜೆಗೆ ಕುಳಿತಿದ್ದರು. ಲಿಂಗವಂತರ ಮನೆಯಲ್ಲಿ ಸಾವಿಗೆ ಸೂತಕವಿಲ್ಲ, ಪೂಜೆ ತಪ್ಪುವಂತಿಲ್ಲ. ಮಗನನ್ನು ಗುಂಡಿಯಲ್ಲಿ ಕೂರಿಸಿ, ಅವನ ಎಡಗೈಯಲ್ಲಿ ಅವನ ಲಿಂಗವನ್ನಿಟ್ಟು, ವಿಭೂತಿ ತುಂಬಿ ಬಂದ ಮಾರನೆಯ ದಿನವೂ ಮಹಾಲಿಂಗಮ್ಮ ಸ್ನಾನ ಮಾಡಿ, ತಮ್ಮ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ನೀರು ಬಿಡುತ್ತಿದ್ದರು. ಅವರ ಈ ಗಟ್ಟಿತನವೆಂದರೆ ಸರ್ವಮಂಗಳೆಗೆ ಮೊದಲಿನಿಂದಲೂ ಭಯ. ಕಿಟಕಿಯ ಬೆಳಕು ಓರೆಯಾಗಿ ಅವರ ಮಣಿಕಟ್ಟಿನ ಮೇಲೆ ಬಿದ್ದಿತ್ತು. ಮಣಿಕಟ್ಟಿನ ಸಡಿಲ ಚರ್ಮದ ಕೆಳಗೆ ನಾಡಿ ಎದ್ದು ಬೀಳುವುದು ಕಾಣುತ್ತಿತ್ತು. ಕೊಡ ಇಳಿಸಿದವಳು ಅಲ್ಲೇ ಬಗ್ಗಿ ನಿಂತಳು. ನಾಡಿ ಎದ್ದಿತು, ಮತ್ತೆ ಎದ್ದಿತು, ನಿಂತೇ ಹೋಯಿತೆನ್ನುವಷ್ಟು ಸುಮ್ಮನಿದ್ದು ಆಮೇಲೆ ಅವಸರದಿಂದ ಒಂದರ ಮೇಲೊಂದು ಹತ್ತಿದ ಹಾಗೆ ಹಾರಿತು. ಅಂಗೈಯ ಲಿಂಗ ಅದರ ಜೊತೆಗೆ ಸಣ್ಣಗೆ ನಡುಗಿತು. ಆ ನಡುಕ ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಸರವಣ ಪೂಜೆಗೆ ಕುಳಿತಾಗ ಅವನ ಅಂಗೈಯೂ ಹೀಗೇ ನಡುಗುತ್ತಿತ್ತು. ಅವಳು ಅದನ್ನು ಭಕ್ತಿಯೆಂದು ತಿಳಿದು ಒಳಗೊಳಗೇ ನಕ್ಕಿದ್ದಳು. ಒಂದು ಭಾನುವಾರ ಆಟಕ್ಕೆ ಅವನ ಮಣಿಕಟ್ಟು ಹಿಡಿದಾಗ ನಗು ನಿಂತಿತು. ಮೈಸೂರಿನ ಪ್ರಾಣಿಶಾಸ್ತ್ರ ವಿಭಾಗದ ಟ್ರೇಯಲ್ಲಿ, ಮೈಯಿಂದ ಕಿತ್ತಿಟ್ಟ ಕಪ್ಪೆಯ ಹೃದಯ ಕೂಡ ಲೆಕ್ಕ ತಪ್ಪದೆ ಮಿಡಿಯುವುದನ್ನು ಅವಳು ನೋಡಿದ್ದಳು. ಪಕ್ಕದಲ್ಲಿ ಕೂತು ಬೀನ್ಸ್ ತಿನ್ನುತ್ತಿದ್ದ ಈ ಗಂಡಸಿನದು ಮಿಡಿಯುತ್ತಲೇ ಇರಲಿಲ್ಲ, ತಡವರಿಸುತ್ತಿತ್ತು.

ಕೋಯಮತ್ತೂರಿನ ಡಾಕ್ಟರು ಅವಳಿಗಿಂತ ಸ್ವಲ್ಪವೇ ದೊಡ್ಡ ಹುಡುಗಿ. ಮುಷ್ಟಿ ಬಿಗಿದು ಬಿಚ್ಚಿ ತೋರಿಸಿದಳು, ಹೃದಯ ಹೀಗೆ ಇರಬೇಕು ಎಂದು. ಆಮೇಲೆ ಬೆರಳುಗಳನ್ನೆಲ್ಲ ಗಾಳಿಯಲ್ಲಿ ಅದುರಿಸಿದಳು, ನಿಮ್ಮದರ ಮೇಲಿನ ಕೋಣೆಗಳು ಹೀಗಿವೆ ಎಂದು. ಚಿಕ್ಕಂದಿನಲ್ಲಿ ಗಂಟಲು ಬಾತು ಕೀಲುಗಳಿಗೆ ಇಳಿದ ಜ್ವರವೊಂದು ಅವನ ಹೃದಯದ ಕವಾಟವನ್ನು ಕೆಡಿಸಿ ಹೋಗಿತ್ತು. ಮೇಲಿನ ಕೋಣೆ ಮಿಡಿಯದೆ ಬರಿದೆ ನಡುಗಿದರೆ ರಕ್ತ ಅಲ್ಲೇ ಮೂಲೆಯಲ್ಲಿ ನಿಲ್ಲುತ್ತದೆ, ನಿಂತದ್ದು ಹೆಪ್ಪುಗಟ್ಟುತ್ತದೆ, ಹೆಪ್ಪು ಕಿತ್ತುಕೊಂಡು ಮೆದುಳಿಗೆ ಹೋದರೆ ಲಕ್ವ. ನೋವಿರುವುದಿಲ್ಲ, ಸುಳಿವಿರುವುದಿಲ್ಲ. ಅದಕ್ಕೆ ಈ ಮಾತ್ರೆ, ರಕ್ತ ಬೇಗ ಹೆಪ್ಪಾಗದಿರಲಿಕ್ಕೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ನೀವಾಗಿ ಬಿಡುವಂತಿಲ್ಲ. ಏಟ್ರಿಯಲ್ ಫಿಬ್ರಿಲೇಶನ್, ಎ.ಎಫ್. ಎಂದು ಚೀಟಿಯಲ್ಲಿ ಬರೆದಳು. ಬಸ್ಸಿನಲ್ಲಿ ಸರವಣ ಆ ಚೀಟಿ ನೋಡಿ, "ಎ.ಎಫ್. ಆಯ್ತು. ಇನ್ನೊಂದು ಓ ಬಿದ್ದರೆ ಅಸಿಸ್ಟೆಂಟ್ ಫೀಲ್ಡ್ ಆಫೀಸರ್" ಎಂದ. ಎಸ್ಟೇಟಿನಲ್ಲಿ ಅವನು ಸೂಪರ್‌ವೈಸರ್; ಆ ಓ ಬೀಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ನಕ್ಕಳು. ಬಸ್ಸು ತಿರುವುಗಳನ್ನು ಹತ್ತುವಾಗ ಅವನು ಅವಳ ಭುಜಕ್ಕೊರಗಿ ನಿದ್ದೆ ಮಾಡಿದ. ಅವನ ಬಡಿತ ತನ್ನ ತೋಳಿಗೆ ತಾಕದಂತೆ ಅವಳು ಸ್ವಲ್ಪ ಸರಿದು ಕುಳಿತದ್ದನ್ನು ಈಗ ನೆನೆಸಿಕೊಂಡಳು.

ಬೇಸಿಗೆಯಲ್ಲಿ ಎಲ್ಲ ಸರಿಯಿತ್ತು. ಮಳೆ ಹಿಡಿದ ಮೇಲೆ ತೋಟದಲ್ಲಿ ಅಟ್ಟೆಗಳು, ಇಲ್ಲಿಯ ಜಿಗಣೆಗಳು, ಎದ್ದವು. ಅವಳ ಊರಿನಲ್ಲಿ ಜಿಗಣೆಯೆಂದರೆ ಕೆರೆಯ ಎಮ್ಮೆಗೆ ಹತ್ತುವುದು, ಅಷ್ಟೆ. ಇಲ್ಲಿ ಚಹಾ ಗಿಡದ ಒಂದೊಂದು ಎಲೆಯ ತುದಿಯಲ್ಲೂ ದಾರದ ತುಂಡಿನ ಹಾಗೆ ಎದ್ದು ನಿಂತು ಮನುಷ್ಯನ ಬಿಸಿಯನ್ನು ಮೂಸುತ್ತವೆ. ಎಲೆ ಕೀಳುವ ಹೆಂಗಸರು ಕಾಲಿಗೆ ಸೋಪು, ಹೊಗೆಸೊಪ್ಪು ಬಳಿದುಕೊಂಡು ಕಿತ್ತೆಸೆದು ಮುಂದೆ ಹೋಗುತ್ತಾರೆ. ಸರವಣನೂ ಹುಟ್ಟಿದಾಗಿನಿಂದ ಕಿತ್ತೆಸೆದವನೇ. ಆದರೆ ಈ ಮಳೆಗಾಲದಲ್ಲಿ ಅಟ್ಟೆ ಬಿದ್ದುಹೋದ ಮೇಲೂ ರಕ್ತ ನಿಲ್ಲಲಿಲ್ಲ. ಬೂಟಿನೊಳಗೆ ಸಾಕ್ಸು ನೆನೆದು, ನಡೆದಾಗ ಪಿಚಪಿಚ ಎನ್ನುತ್ತಿತ್ತು. "ನಿಮ್ಮ ಮಾತ್ರೆಯೂ ಅಟ್ಟೆಯ ಎಂಜಲೂ ಮಾಡೋದು ಒಂದೇ ಕೆಲಸ, ಅದಕ್ಕೇ ಡಬ್ಬಲ್ಲು" ಎಂದು ಅವಳು ಮೊದಲ ದಿನ ಪಾಠ ಹೇಳಿದಳು. ಹೇಳುವಾಗ ಒಂದು ಬಗೆಯ ಖುಷಿಯೂ ಇತ್ತು, ಓದಿದ್ದು ಮನೆಯೊಳಗೇ ಸಿಕ್ಕಿತೆಂದು. ಆಮೇಲೆ ಪಾಠ ಮುಗಿದು ಸಾಕ್ಸು ತೊಳೆಯುವುದು ಉಳಿಯಿತು. ಉಪ್ಪು ನೀರಿನಲ್ಲಿ ನೆನೆಸಿ, ತಿಕ್ಕಿ, ಮತ್ತೆ ನೆನೆಸಿ. ಎಸ್ಟೇಟ್ ಆಫೀಸಿನ ಕೆಂಪು ಸಾರಣೆ ನೆಲದ ಮೇಲೆ ಅವನ ಹೆಜ್ಜೆ ಮೂಡಿತೆಂದು ಗುಮಾಸ್ತರೆಲ್ಲ ನೋಡುತ್ತಿದ್ದಂತೆ ಆಯಮ್ಮನನ್ನು ಕರೆಸಿ ಒರೆಸಿದರಂತೆ. ಎಲೆ ತೂಗುವ ಕಡೆ ಹೆಂಗಸರು, "ಸೂಪರ್‌ವೈಸರ್ ಸಾರ್‌ಗೆ ಈ ತಿಂಗಳೂ ಬಂತು" ಎಂದು ನಕ್ಕರಂತೆ. ಅದನ್ನು ಅವನೇ ಹೇಳಿದ, ತಮಾಷೆಯೆಂಬಂತೆ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ಮಾವನಲ್ಲಕ್ಕೆ ಹೋದಾಗ ಅವಳ ತಂಗಿಯ ಹೊಸ ಹಾಸಿಗೆಯ ಮೇಲೆ ಕಲೆಯಾಯಿತು. ಬೆಳಿಗ್ಗೆ ಯಾರೂ ಏಳುವ ಮೊದಲು ಅವನು ಬಚ್ಚಲಲ್ಲಿ ಕೂತು ಆ ಬಟ್ಟೆ ತಿಕ್ಕುತ್ತಿದ್ದುದನ್ನು ಅವಳು ಬಾಗಿಲ ಸಂದಿಯಿಂದ ನೋಡಿದಳು. ಹೆಣ್ಣುಮಕ್ಕಳು ಮುಚ್ಚಿಟ್ಟುಕೊಳ್ಳುವ ಕಲೆಯ ಹಾಗೆ ಅವನು ಮುಚ್ಚಿಟ್ಟುಕೊಳ್ಳುತ್ತಿದ್ದ. ಅಯ್ಯೋ ಎನಿಸಲಿಲ್ಲ ಅವಳಿಗೆ. ನಾಚಿಕೆಯಾಯಿತು, ಹೇಸಿಗೆಯೂ ಆಯಿತು.

ಅದಾದ ಮೇಲೆ ಒಂದು ಸಂಜೆ ಮಾಮಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮಗನಿಗೆ ಹೇಳಿದ್ದರು. ಮಾಮಿಯದು ಬಡಗ ಮಾತು. ಸೊಸೆಗೂ ತಿಳಿಯಲಿ ಎಂದಾಗ ಅದನ್ನು ಕನ್ನಡಕ್ಕೆ ಎಳೆಯುತ್ತಿದ್ದರು. "ಬಿಡು ಅದ. ಮನುಷ್ಯನ ರಕ್ತ ಹೀಗ ಸೋರಿದರ ಏನುಳಿದೀತು? ಅಟ್ಟೆ ತಿಂಗಳು ಕಳೆಯಲಿ, ಆಮೇಲೆ ನುಂಗು." ಸರವಣ ಹೆಂಡತಿಯ ಮುಖ ನೋಡಿದ. ಅವಳು ಒಲೆಯ ಪಕ್ಕ ಬೀನ್ಸ್ ಹೆಚ್ಚುತ್ತಿದ್ದಳು. ಹೇಳಬೇಕಾದ ಮಾತು ಪೂರ್ತಿ ಗೊತ್ತಿತ್ತು: ನಿಂತ ರಕ್ತ, ಹೆಪ್ಪು, ಮೆದುಳು. ಮೂರು ಮಾತು. ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಸಾಕ್ಸುಗಳೂ ಕಣ್ಣ ಮುಂದಿದ್ದವು. ಅವಳು ತಲೆ ಎತ್ತಲಿಲ್ಲ. ಬೀನ್ಸಿನ ನಾರು ತೆಗೆದಳು. ಸರವಣ ಉಸಿರು ಬಿಟ್ಟ. ಅದರಲ್ಲಿ ಎಷ್ಟು ನಿರಾಳವಿತ್ತೆಂದರೆ, ಅವಳು ಕೊನೆಗೂ ತನಗೊಂದು ಉಪಕಾರ ಮಾಡಿದಳೆಂಬಂತೆ. ಮಾತ್ರೆಯ ಪಟ್ಟಿ ಅಂದಿನಿಂದ ಉಪ್ಪಿನಕಾಯಿ ಜಾಡಿಯ ಹಿಂದೆ ಹೋಯಿತು. ಕೆಲವೇ ದಿನಗಳಲ್ಲಿ ಅಟ್ಟೆಯ ಗಾಯ ಮೊದಲಿನ ಹಾಗೆ ಒಣಗತೊಡಗಿತು. "ನೋಡಿದಿಯಾ" ಎಂದರು ಮಾಮಿ.

ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ಅವನು ಏನೋ ಕೇಳಿದ. ಮಾತು ಮಾತಾಗಿರಲಿಲ್ಲ. ಬಾಯಿಯ ಒಂದು ಬದಿ ಇಳಿದಿತ್ತು, ಬಲಗೈ ದಾರವನ್ನು ಬಿಟ್ಟುಬಿಟ್ಟಿತ್ತು, ಅವನು ಮಾತ್ರ ತನಗೇನೂ ಆಗಿಲ್ಲವೆಂಬಂತೆ ಎಡಗೈಯಲ್ಲೇ ಗಂಟು ಹಾಕಲು ನೋಡುತ್ತಿದ್ದ. ಊಟಿ, ಅಲ್ಲಿಂದ ಕೋಯಮತ್ತೂರು. ಆಸ್ಪತ್ರೆಯ ಓಣಿಯಲ್ಲಿ ಅದೇ ಹುಡುಗಿ ಡಾಕ್ಟರು ಅವಳನ್ನು ಒಬ್ಬಳನ್ನೇ ಪಕ್ಕಕ್ಕೆ ಕರೆದು, "ರಕ್ತಸ್ರಾವ ಅಲ್ಲ. ಹೆಪ್ಪು. ಮಾತ್ರೆ ನಿಲ್ಲಿಸಿದ್ದರಾ?" ಎಂದಳು. ಅವಳು ಹೌದೆಂದು ತಲೆಯಾಡಿಸಿದಳು. ಬೈಯಲಿಲ್ಲ ಆ ಹುಡುಗಿ. ಪೆನ್ನಿನ ಮುಚ್ಚಳ ಹಾಕಿಕೊಂಡು ಹೋದಳು. ಹಟ್ಟಿಯಲ್ಲಿ ಹಬ್ಬಿದ ಕತೆ ಬೇರೆ. ಮಾತ್ರೆಯಿಂದ ರಕ್ತ ನೀರಾಗಿ ತಲೆಯಲ್ಲಿ ಸೋರಿತು, ನಿಲ್ಲಿಸಿದ್ದು ತಡವಾಯಿತು. ಅದನ್ನು ಮೊದಲು ಹೇಳಿದವರು ಮಾಮಿಯೇ. ಸರ್ವಮಂಗಳ ತಿದ್ದಲಿಲ್ಲ. ಆ ಕತೆಯಲ್ಲಿ ತಪ್ಪೆಲ್ಲ ಒಂದು ಮಾತ್ರೆಯದು. ಹೊಸ್ತಿಲಲ್ಲಿ ನಿಂತು ಬಿಡು ಎಂದ ತಾಯಿಯೂ ಇಲ್ಲ, ಬೀನ್ಸ್ ಹೆಚ್ಚುತ್ತಿದ್ದ ಹೆಂಡತಿಯೂ ಇಲ್ಲ. ಅಷ್ಟು ಒಳ್ಳೆಯ ಕತೆಯನ್ನು ಯಾಕೆ ಕೆಡಿಸಬೇಕು ಎಂದು ಮಣ್ಣು ಹಾಕುವಾಗಲೂ ಸುಮ್ಮನಿದ್ದಳು. ಆದರೆ ಈಗ ಮಾಮಿಯ ಈ ಮಣಿಕಟ್ಟು.

"ಏನು ಹೆಣ್ಣೆ ಹಾಗ ನೋಡ್ತಾ ನಿಂತೆ?" ಪೂಜೆ ಮುಗಿಸಿದ ಮಾಮಿ ಕೇಳಿದರು.

"ಏನಿಲ್ಲ ಮಾಮಿ. ಎದೆಯಲ್ಲಿ ಏನಾದರೂ ಆಗುತ್ತಾ ನಿಮಗೆ?"

"ಎದೆಯಲ್ಲಿ ಏನಾಗಬೇಕು, ಮಗನ ಮಣ್ಣಿಗೆ ಹಾಕಿ ಬಂದವಳಿಗ?" ಎಂದು ಎದ್ದರು. ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದುಕೊಂಡರು. "ಕೋಳಿಮರಿ ಹಿಡಿದು ಒಳಗ ಬಿಟ್ಟ ಹಾಗ ಇರ್ತದ. ಇವತ್ತಿನದಾ ಅದು? ನಲ್ಲಿಯಿಂದ ಹತ್ತಿ ಬಂದರ ಸಾಕು. ವಯಸ್ಸಾಯ್ತು."

ಆ ಹೊತ್ತಿಗೆ ಬಾಗಿಲಲ್ಲಿ ಮುರಳೀಧರನ್ ಕೊಡೆ ಮಡಿಸುತ್ತಿದ್ದರು. ಎಸ್ಟೇಟಿನ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿದ್ದು ನಿವೃತ್ತರಾದವರು, ತಮಿಳು ಬೆರೆತ ಕನ್ನಡದವರು, ಮೇಲೆ ರಸ್ತೆಯ ಪಕ್ಕದ ಮನೆ. ನಿನ್ನೆಯೂ ಬಂದಿದ್ದರು, ಹಾರ ಹಾಕಿದ್ದರು. ಇವತ್ತು ಕುರ್ಚಿಯ ಅಂಚಿನಲ್ಲಿ ಕೂತು, ಸರವಣನ ಗುಣ ಹೇಳಿದರು, ಮಳೆಯ ವಿಷಯ ಹೇಳಿದರು, ಮತ್ತೆ ಗುಣಕ್ಕೆ ಬಂದರು. ಕೊಡೆಯಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಸಣ್ಣ ಮಡುವಾಯಿತು. ಏನೋ ಬೇಕಾಗಿ ಬಂದಿದ್ದಾರೆಂದು ಸರ್ವಮಂಗಳೆಗೆ ತಿಳಿಯಿತು. ಬಾಯಿ ಬಿಟ್ಟು ಕೇಳಲಿ ಎಂದು ಅವಳು ಸಹಾಯ ಮಾಡದೆ ನಿಂತಳು.

"ತಪ್ಪು ತಿಳೀಬಾರದಮ್ಮಾ. ಇವತ್ತು ಕೇಳಬಾರದು, ಗೊತ್ತು. ಎನಗೆ ದಿನಾ ನೋಡಬೇಕು, ಡಾಕ್ಟರ್ ಸೊಲ್ಲಿದ್ದಾರೆ… ಆ ಬಿ.ಪಿ. ಮಿಷನ್."

"ಯಾವ ಮಿಷನ್ ಸಾರ್?"

"ಸರವಣ ಎರವಲು ವಾಂಗಿಕೊಂಡು ಹೋಗಿದ್ದ. ಬಾಗಿಲಲ್ಲೇ ನಾಚಿಕೊಂಡು ನಿಂತಿದ್ದ. ನಿನಗಾ ಅಂತ ಕೇಳಿದೆ. ಇಲ್ಲ ಸಾರ್, ಅಮ್ಮಾವುಕ್ಕು ಅಂದ. ಅಮ್ಮನಿಗೆ ತಲೆ ಸುತ್ತುತ್ತೆ, ಎರಡು ದಿನ ನೋಡಿ ಕೊಡ್ತೀನಿ ಅಂದ."

ಒಳಗಿನ ಕೋಣೆಯಿಂದ ಮಾಮಿಯ ದನಿ ಬಂತು. "ಎನಗ ಯಾರು ನೋಡಿದ್ದು?"

ಮುರಳೀಧರನ್ ಕೊಡೆಯ ಹಿಡಿ ನೋಡಿದರು. ಸಂಜೆ ತಂದುಕೊಡುತ್ತೇನೆಂದು ಸರ್ವಮಂಗಳ ಅವರನ್ನು ಕಳಿಸಿದಳು.

ಅದು ಬಟ್ಟೆಯ ಬೀರುವಿನ ತಲೆಯ ಮೇಲೆ, ಅವನ ಹಳೆಯ ರೇನ್‌ಕೋಟಿನೊಳಗೆ ಸುತ್ತಿಕೊಂಡು ಕೂತಿತ್ತು. ಬಿಳಿಯ ಯಂತ್ರ, ತೋಳಿಗೆ ಸುತ್ತುವ ಪಟ್ಟಿ, ರಬ್ಬರ್ ನಳಿಗೆ. ಅವಳು ಹಾಸಿಗೆಯ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಹಾಗಾದರೆ ಮಾತ್ರೆ ಬಿಟ್ಟ ಮೇಲೆ ಅವನಿಗೆ ಹೆದರಿಕೆಯಾಗಿತ್ತು. ಈ ಕೋಣೆಯಲ್ಲಿ, ಅವಳು ನೀರಿಗೆ ಹೋದಾಗ, ಬಾಗಿಲು ಹಾಕಿಕೊಂಡು, ಕಳ್ಳನ ಹಾಗೆ ತನ್ನ ತೋಳಿಗೇ ಸುತ್ತಿಕೊಂಡು ನೋಡಿದ್ದ. ತಪ್ಪಿದ ಬಡಿತ ಅಲ್ಲಿ ಕಂಡಿರಲೇಬೇಕು. ಆಮೇಲೆ ಬಂದು ಊಟಕ್ಕೆ ಕೂತು, ಸಾರು ಚೆನ್ನಾಗಿದೆ ಎಂದಿದ್ದ. ಅವಳಿಗೆ ಮೊದಲ ಸಲ ಅವನ ಮೇಲೆ ಸಿಟ್ಟು ಬಂತು. ಎದೆಯಲ್ಲಿ ಮರಗಟ್ಟಿದ್ದು ಒಂದು ಕಡೆ ಬಿರುಕು ಬಿಟ್ಟು ಅದರಿಂದ ಬಂದದ್ದು ಅಳುವಲ್ಲ, ಬೈಗುಳ. ಹೇಳಬಾರದಿತ್ತೇ? ಒಂದು ಮಾತು? ಅವಳು ಕೇಳಬಾರದಿತ್ತೇ ಎಂದು ಬೈಗುಳ ತಿರುಗಿ ಅವಳ ಕಡೆಗೇ ಬಂತು. ಒಬ್ಬರ ಮಾತಿಗೆ ಇನ್ನೊಬ್ಬರು ಕಾದು, ಮೂವರೂ ಒಂದೇ ಸೂರಿನ ಕೆಳಗೆ ಉಂಡು ಮಲಗಿದ್ದರು.

ಮಾಮಿ ಬಂದು ಎದುರಿಗೆ ಕುಳಿತರು. ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದರು. "ನೋಡು."

"ಯಾಕೆ ಮಾಮಿ ಈಗ?"

"ಅಮ್ಮನಿಗ ಅಂತ ಹೇಳಿ ತಂದ ಅಲ್ಲವಾ? ನೋಡದೆ ವಾಪಸ್ಸು ಹೋದರ ಎನ್ನ ಮಗ ಸುಳ್ಳ ಆಗ್ತಾನ. ಆ ಮಲಯಾಳಿ ಕ್ಲರ್ಕಿನ ಬಾಯಲ್ಲಿ ಸತ್ತವ ಸುಳ್ಳ ಆಗಬಾರದು. ನೋಡಿ ಕೊಡು."

ಅವಳು ಪಟ್ಟಿ ಸುತ್ತಿದಳು. ಒಣಗಿದ ತೋಳು, ಪಟ್ಟಿ ಒಂದು ಸುತ್ತು ಹೆಚ್ಚಾಯಿತು. ಗುಂಡಿ ಒತ್ತಿದಾಗ ಯಂತ್ರ ಗುರ್ರೆಂದು ಉಬ್ಬಿತು. ಮಾಮಿ ಮುಖ ಕಿವುಚಿದರೂ ಕೈ ಕದಲಿಸಲಿಲ್ಲ. ಗಾಳಿ ಇಳಿಯುತ್ತ ಇಳಿಯುತ್ತ ಅಂಕಿಗಳು ನಿಂತವು, ಎರಡೂ ಹೆಚ್ಚು. ಅಂಕಿಗಳ ಪಕ್ಕದಲ್ಲಿ ಹೃದಯದ ಆಕಾರದ ಪುಟ್ಟ ಗುರುತೊಂದು ಮಿಣುಕತೊಡಗಿತು, ಬಡಿತ ತಾಳ ತಪ್ಪಿದೆಯೆಂದು. ಅವಳು ಪಟ್ಟಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸುತ್ತಿದಳು. ಮತ್ತೆ ಮಿಣುಕಿತು. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ಬೆರಳಿಗೆ ಸಿಕ್ಕಿದ್ದೂ ಅದೇ. ಮಗನಿಗೆ ಜ್ವರದಿಂದ ಬಂದದ್ದು ತಾಯಿಗೆ ವಯಸ್ಸಿನಿಂದ, ರಕ್ತದ ಒತ್ತಡದಿಂದ ಬಂದಿರಬಹುದು. ಕಾರಣ ಬೇರೆ, ಕೊನೆ ಒಂದೇ ಆಗಬಹುದು: ಮೂಲೆಯಲ್ಲಿ ನಿಂತ ರಕ್ತ, ಹೆಪ್ಪು, ಒಂದು ಬೆಳಿಗ್ಗೆ ಪೂಜೆಯ ನಡುವೆ ಬಾಯಿಯ ಒಂದು ಬದಿ ಇಳಿಯುವುದು. ಚೆನ್ನಾಗಿದೆ ಮಾಮಿ ಎಂದುಬಿಡಬಹುದಿತ್ತು. ಸುಮ್ಮನಿರುವುದು ಅವಳಿಗೆ ಅಭ್ಯಾಸವಾಗಿತ್ತು, ಇನ್ನೊಂದು ಸಲ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಅಷ್ಟೇ ಏಕೆ, ಈ ಗಟ್ಟಿ ಹೆಂಗಸೂ ಹೋದರೆ ಮನೆಯಲ್ಲಿ ಹೊಸ್ತಿಲ ಮಾತನ್ನು ಬಲ್ಲವರೇ ಇರುವುದಿಲ್ಲ ಎಂಬ ಯೋಚನೆಯೂ ಸುಳಿಯಿತು. ಸುಳಿದದ್ದನ್ನು ಅವಳು ಪೂರ್ತಿ ನೋಡಿದಳು, ಅದರಿಂದ ಕಣ್ಣು ತಪ್ಪಿಸಲಿಲ್ಲ.

"ಏನಂತ ಅದು?"

"ಮಾಮಿ, ಅವರಿಗೆ ಇದ್ದದ್ದೇ ನಿಮಗೂ ಇರುವ ಹಾಗಿದೆ. ಮಿಷನ್ ಮಾತೇ ಕೊನೆಯಲ್ಲ, ಇ.ಸಿ.ಜಿ. ತೆಗೆಸಬೇಕು. ನಾಳೆಯೇ ಊಟಿಗೆ ಹೋಗೋಣ. ಮಾತ್ರೆ ಕೊಡ್ತಾರೆ."

"ಯಾವ ಮಾತ್ರೆ?"

ಅವಳು ತೋಳಿನ ಪಟ್ಟಿ ಬಿಚ್ಚಿದಳು.

"ಅದೇನಾ? ರಕ್ತ ನೀರು ಮಾಡೋದು?" ಮಾಮಿ ತೋಳನ್ನು ಸೆರಗಿನೊಳಗೆ ಎಳೆದುಕೊಂಡರು. "ಎನ್ನ ಮಗನ ಕೊಂದದ್ದ ನಾ ನುಂಗಬೇಕಾ? ಎನಗ ಬೇಡ. ಕೋಳಿಮರಿ ಇರಲಿ ಒಳಗ. ಹೋಗುವಾಗ ಹೋಗ್ತದ."

"ಅದು ಕೊಂದದ್ದಲ್ಲ ಮಾಮಿ."

"ಮತ್ತೆ?"

"ತಲೆಯಲ್ಲಿ ರಕ್ತ ಸೋರಿದ್ದಲ್ಲ. ಹೆಪ್ಪು ಕಟ್ಟಿ ಹೋಗಿ ಕೂತದ್ದು. ಡಾಕ್ಟರು ನನಗೆ ಹೇಳಿದ್ದಾರೆ. ಮಾತ್ರೆ ತಿಂತಾ ಇದ್ದಿದ್ದರೆ…" ಅವಳು ಮುಂದೆ ಹೇಳಬೇಕಾಗಲಿಲ್ಲ. ಮಾಮಿಯ ಮುಖ ಅವಳ ಎದುರಿಗೇ ಇತ್ತು. ಅದು ಮೊದಲು ಏನನ್ನೂ ತೋರಿಸಲಿಲ್ಲ. ಆಮೇಲೆ ಕಣ್ಣುಗಳು ಬಾಗಿಲಾಚೆ, ಅಡುಗೆಮನೆಯ ಹೊಸ್ತಿಲ ಕಡೆಗೆ ಮೆಲ್ಲಗೆ ತಿರುಗಿದವು. ಅಲ್ಲಿ ನಿಂತಿದ್ದ ತಮ್ಮನ್ನೇ ಅವರು ನೋಡುತ್ತಿದ್ದರು. ತುಟಿ ಅಲುಗಿತು. "ಹಾಗಾದರ… ನಾ ಅಂದದ್ದು… ಬಿಡು ಅಂತ ನಾ…" ಕೈ ತಾನಾಗಿ ಎದೆಗೆ ಹೋಯಿತು. ಗೋಡೆ ಹಿಡಿಯದೆ ಯಾವ ಸಾವಿಗೂ ನಿಲ್ಲಬಲ್ಲರೆಂದು ಅವಳು ಹೆದರುತ್ತಿದ್ದ ಹೆಂಗಸು ಕೂತಲ್ಲೇ ಸಣ್ಣದಾಗುತ್ತಿತ್ತು. ಇದನ್ನು ತಿಳಿದ ಮೇಲೆ ಇವರು ಮಾತ್ರೆ ನುಂಗುವುದಿಲ್ಲ, ಅನ್ನವನ್ನೂ ನುಂಗುವುದಿಲ್ಲ ಎಂದು ಸರ್ವಮಂಗಳೆಗೆ ಆ ಕ್ಷಣ ಖಂಡಿತವಾಯಿತು. ಸತ್ಯ ಹೇಳಿದರೆ ಒಂದು ಬಗೆಯಲ್ಲಿ, ಹೇಳದಿದ್ದರೆ ಇನ್ನೊಂದು ಬಗೆಯಲ್ಲಿ ಇವರು ಹೋಗಿಬಿಡುತ್ತಾರೆ.

"ನೀವಲ್ಲ. ಬಿಡಿಸಿದ್ದು ನಾನು" ಎಂದಳು.

ಮಾಮಿ ತಿರುಗಿದರು.

"ನೀವು ಅಂದಮೇಲೂ ಅವರು ಬಿಟ್ಟಿರಲಿಲ್ಲ. ನಿಮಗೆ ಕಾಣದ ಹಾಗೆ ತಿಂತಾ ಇದ್ದರು. ನಾನೇ ಜಗಳ ಆಡಿ ಬಿಡಿಸಿದೆ. ಇನ್ನು ಮೇಲೆ ಸಾಕ್ಸು ತೊಳೆಯೋಕೆ ನನ್ನಿಂದ ಆಗಲ್ಲ, ನನ್ನ ತಂಗಿ ಮನೇಲಿ ಮಾನ ಹೋಯ್ತು, ಬೇಕಾದರೆ ನೀವೇ ತೊಳಕೊಳ್ಳಿ ಅಂದೆ. ಆಮೇಲೆ ಬಿಟ್ಟರು."

ಹೇಳುತ್ತ ಹೇಳುತ್ತ ಅದು ಎಷ್ಟು ಸಲೀಸಾಗಿ ಬಂತೆಂದರೆ, ಇದು ಸುಳ್ಳು ಎಂದು ಅವಳು ತನಗೇ ನೆನಪಿಸಿಕೊಳ್ಳಬೇಕಾಯಿತು. ಬೀನ್ಸ್ ಹೆಚ್ಚುತ್ತ ಅವಳೊಳಗೆ ಇದ್ದ ಮಾತುಗಳೇ ಅವು. ಅಂದು ಬಾಯಿಗೆ ಬಂದಿರಲಿಲ್ಲ, ಅಷ್ಟೆ. ಮಾಮಿ ಅವಳನ್ನೇ ನೋಡಿದರು. ನಂಬಿದರೋ, ಸುಳ್ಳೆಂದು ತಿಳಿದೂ ಬೇಕಾಗಿ ಎತ್ತಿಕೊಂಡರೋ, ಆ ಕಣ್ಣಿನಲ್ಲಿ ತಿಳಿಯಲಿಲ್ಲ. ಎದೆಯ ಮೇಲಿದ್ದ ಕೈ ಇಳಿಯಿತು. ಬೆನ್ನು ನೆಟ್ಟಗಾಯಿತು.

"ಸಾಕ್ಸು" ಎಂದರು.

"ಹೌದು ಮಾಮಿ."

"ನಾ ಹೆತ್ತು, ಮಲ ಮೂತ್ರ ಬಳಿದು ಸಾಕಿದೆ. ನಿನಗ ಎರಡು ಸಾಕ್ಸು ತೊಳೆಯಲು ಆಗಲಿಲ್ಲ." ದನಿ ಮೊದಲು ಕೆಳಗಿತ್ತು, ಏರತೊಡಗಿತು. "ನಾ ಓದದ ಮುದುಕಿ, ಬಾಯಿಗ ಬಂದದ್ದ ಅಂದೆ. ನೀ ಓದಿದವಳು. ಮೈಸೂರಲ್ಲಿ ಕಪ್ಪೆ ಕೊಯ್ದವಳು. ನಿನಗ ಗೊತ್ತಿತ್ತು! ಗೊತ್ತಿದ್ದೂ ಬಿಡಿಸಿದೆ. ತೂ, ನಿನ್ನ ಎಂ.ಎಸ್ಸಿ.ಗೆ ಬೆಂಕಿ ಬೀಳಲಿ."

ನಿನಗ ಗೊತ್ತಿತ್ತು ಎಂಬ ಮಾತು ಸುಳ್ಳಾಗಿರಲಿಲ್ಲ. ಸರ್ವಮಂಗಳ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಲ್ಲಿಯ ಹತ್ತಿರ ಯಾರೂ ಕೊಡದಿದ್ದ ಮೊಣಕೈ ಏಟು ಇಲ್ಲಿ ಸಿಕ್ಕಿತೆಂಬಂತೆ ಒಳಗೆ ಎಲ್ಲೋ ಸಮಾಧಾನವಾಯಿತು. ಸಮಾಧಾನವಾಯಿತೆಂದು ಅಸಹ್ಯವೂ ಆಯಿತು.

"ಬೈಯಿರಿ ಮಾಮಿ. ಆದರೆ ನಾಳೆ ಊಟಿಗೆ…"

"ನಿನ್ನ ಜೊತೆ ಬರಲ್ಲ. ನೀ ತೋರಿಸಿದ ಡಾಕ್ಟರ ಎನಗ ಬೇಡ. ಎನ್ನ ಮಗಳ ಕೂಡ ಹೋಗ್ತೇನೆ. ನುಂಗ್ತೇನೆ, ಯಾಕ ನುಂಗಲ್ಲ?" ಮಾಮಿ ಏಳಲು ಹೋಗಿ ಏದುಸಿರು ಬಂದು ನಿಂತರು, ಅವಳು ಹಿಡಿಯಲು ಚಾಚಿದ ಕೈಯನ್ನು ತಳ್ಳಿದರು. "ನೀ ಬಾಗಿಲ ಹಾಕಿಕೊಂಡು ಆರಾಮ ಇರಬೇಕಾ? ನಾ ಇರ್ತೇನೆ. ದಿನಾ ನಿನ್ನ ಕಣ್ಣ ಮುಂದ ಇರ್ತೇನೆ."

ಒಳಗೆ ಫೋನಿನಲ್ಲಿ ಅವರು ಮಗಳು ಕವಿತಾಳಿಗೆ ಹೇಳುವುದು ಅಡುಗೆಮನೆಗೆ ಕೇಳಿಸಿತು. ಅವಳೇ ಬಿಡಿಸಿದ್ದಂತೆ, ಅವಳ ಬಾಯಿಂದಲೇ ಅಂದಳು, ಸಾಕ್ಸು ತೊಳೆಯೋಕೆ ಆಗಲಿಲ್ಲವಂತೆ. ಮೂರು ದಿನದಿಂದ ಅಳದೆ ಗಂಟಾಗಿದ್ದ ದನಿ ಒಡೆದು, ಮೊದಲ ಸಲ ಮಾಮಿ ಜೋರಾಗಿ ಅತ್ತರು. ಅಳುವಿನ ನಡುವೆ, ಬೆಳಗಿನ ಮೊದಲ ಬಸ್ಸಿಗೇ ಬಾ, ಊಟಿಯಲ್ಲಿ ಎದೆಯ ಪಟ ತೆಗೆಸಬೇಕು ಎಂದರು. ಸರ್ವಮಂಗಳ ಉಪ್ಪಿನಕಾಯಿ ಜಾಡಿಯ ಹಿಂದಿನಿಂದ ಮಾತ್ರೆಯ ಪಟ್ಟಿ ತೆಗೆದು, ಮಾಮಿ ಇದನ್ನು ತಿನ್ನಬಾರದು, ಅವರಿಗೆ ಬೇಕಾದದ್ದನ್ನು ಅವರ ಡಾಕ್ಟರೇ ಬರೆಯಬೇಕು ಎಂದು ಒಲೆಯ ಬೂದಿಯ ಡಬ್ಬಕ್ಕೆ ಹಾಕಿದಳು. ಕವಿತಾ ಇಂದು ಸಂಜೆಯೊಳಗೆ ತನ್ನ ಹಟ್ಟಿಗೆಲ್ಲ ಹೇಳುತ್ತಾಳೆ, ನಾಳೆ ಅದು ಬಸ್ಸಿನಲ್ಲಿ ಇಲ್ಲಿಗೆ ಬರುತ್ತದೆ, ಮುಂದಿನ ವಾರ ಮಾವನಲ್ಲಕ್ಕೆ ಇಳಿಯುತ್ತದೆ. ಅಪ್ಪ ಕೇಳುತ್ತಾರೆ, ಹೌದಾ ಮಂಗಳಾ? ಹೌದಪ್ಪ ಎನ್ನಬೇಕು. ಒಬ್ಬರಿಗೆ ಅಲ್ಲವೆಂದರೂ ಅದು ತಿರುಗಿ ಈ ಮನೆಗೆ, ಮಾಮಿಯ ಕಿವಿಗೆ, ಬರುತ್ತದೆ.

ಮಳೆ ಹನಿಯುವುದು ನಿಂತಾಗ ಅವಳು ಯಂತ್ರವನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಳಿಗೆಯನ್ನು ಸುರುಳಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಮೇಲಕ್ಕೆ ಹತ್ತಿದಳು. ಗೂಡಲೂರಿನ ಕಡೆಯಿಂದ ಲಾರಿಗಳು ದೀಪ ಹಾಕಿಕೊಂಡು ಬರುತ್ತಿದ್ದವು. ಮುರಳೀಧರನ್ ಜಗಲಿಯಲ್ಲಿ ಸ್ವೆಟರ್ ತೊಟ್ಟು ಕೂತಿದ್ದರು. ಎರಡೂ ಕೈಯಲ್ಲಿ ಕೊಟ್ಟಳು. ಅವರು ಕೂತಲ್ಲೇ ಒಂದೊಂದನ್ನೂ ತೆಗೆದು ನೋಡಿದರು. ಪಟ್ಟಿಯನ್ನು ಬೆಳಕಿಗೆ ಹಿಡಿದರು, ಬ್ಯಾಟರಿಯ ಮುಚ್ಚಳ ತೆರೆದು ಹಾಕಿದರು. ನಂಬಿಕೆಯಿಲ್ಲದೆ ಅಲ್ಲ ಅಮ್ಮಾ, ಅಭ್ಯಾಸ, ಎಂದು ತಮ್ಮ ತೋಳಿಗೆ ಸುತ್ತಿ ಗುಂಡಿ ಒತ್ತಿದರು. ಅದು ಉಬ್ಬಿ ಇಳಿಯಿತು. ಅವರ ಅಂಕಿಗಳು ಬಂದವು. ಪಕ್ಕದಲ್ಲಿ ಏನೂ ಮಿಣುಕಲಿಲ್ಲ. "ನಾರ್ಮಲ್" ಎಂದು ಸಂತೋಷದಿಂದ ತಲೆ ಎತ್ತಿದವರು, ಎದುರಿಗೆ ನಿಂತವಳು ಯಾರೆಂದು ನೆನಪಾಗಿ ಸಂತೋಷವನ್ನು ಒಳಗೆ ಎಳೆದುಕೊಂಡರು.

"ಅಮ್ಮನಿಗೆ ನೋಡಿದಿರಾ? ಪ್ರಯೋಜನ ಆಯ್ತಾ?"

"ಆಯ್ತು ಸಾರ್."

"ಸರವಣ ನಲ್ಲ ಹುಡುಗ, ಒಳ್ಳೆಯವ. ಈ ಕಾಲದಲ್ಲಿ ತಾಯಿಗೋಸ್ಕರ ಯಾರಮ್ಮಾ ಹೀಗೆ ಕೇಳಿಕೊಂಡು ಬರ್ತಾರೆ?"

"ಅಮ್ಮನಿಗೇ ಅಂತ ತಂದದ್ದು ಸಾರ್" ಎಂದಳು ಸರ್ವಮಂಗಳ. "ದಿನಾ ನೋಡ್ತಿದ್ದರು."

ಮುರಳೀಧರನ್ ತೃಪ್ತಿಯಿಂದ ಪಟ್ಟಿಯನ್ನು ಮಡಿಸಿ, ಯಂತ್ರವನ್ನು ಪಕ್ಕದಲ್ಲಿದ್ದ ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಒತ್ತಿದರು. ಮುಚ್ಚಳದ ಮೇಲೆ ಕೈಯಾಡಿಸಿದರು. "ಒಳ್ಳೆ ಮಿಷನ್ ಅಮ್ಮಾ. ಸುಳ್ಳು ಹೇಳೋದಿಲ್ಲ."

ಹೌದು ಸಾರ್, ಎಂದು ಅವಳು ಮೆಟ್ಟಿಲಿಳಿದಳು.